ಸದ್ದು ಎಲ್ಲಿ, ಸದ್ದು ಯಾವಾಗ: ಹಿಂದಿನ ಆಕ್ಸಲ್‌ನ ದೋಷಪತ್ತೆ ಬೆಳೆದ ಬಗೆ

ಹಿಂದಿನ ಚಕ್ರಗಳ ಬಲದಿಂದ ಓಡುವ ವಾಹನದಲ್ಲಿ ಎಂಜಿನ್ನಿನ ತಿರುಗುಬಲವು ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ದಂಡದ ಮೂಲಕ ಹಿಂದಕ್ಕೆ ಸಾಗಿ, ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿಯಿಂದ ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಗಾಲಿಗೆ ದಾಟಿ, ಅಲ್ಲಿಂದ ಅಡ್ಡಕ್ಕೆ ತಿರುಗಿ ಚಕ್ರಗಳನ್ನು ಮುಟ್ಟುತ್ತದೆ. ಕ್ರೌನ್ ವೀಲಿಗೆ ಬಿಗಿದ ಗೂಡಿನೊಳಗಿರುವ ಡಿಫರೆನ್ಷಿಯಲ್, ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ಸುತ್ತಲು ಎಡೆಮಾಡಿಕೊಡುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕರ್ 1827-28ರ ಸುಮಾರಿಗೆ ಉಗಿಬಂಡಿಗಾಗಿ ರೂಪಿಸಿದ ಈ ಏರ್ಪಾಡು ತತ್ತ್ವದಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಬದಲಾದದ್ದು ಅದಕ್ಕೆ ಬಲ ಒಪ್ಪಿಸುವ ಹಲ್ಲುಗಳ ಆಕಾರ ಮತ್ತು ಆ ಹಲ್ಲುಗಳು ಕೂಗತೊಡಗಿದಾಗ ಕಾರಣ ಹುಡುಕುವ ರೀತಿ.

ಆರಂಭದ ಮೋಟಾರುಗಳಲ್ಲಿ ಹಲ್ಲುಗಳನ್ನು ನೇರವಾಗಿ ಕಡೆಯಲಾಗುತ್ತಿದ್ದುದರಿಂದ ಪ್ರತಿ ಹಲ್ಲೂ ತನ್ನ ಪೂರ್ತಿ ಉದ್ದಕ್ಕೆ ಒಮ್ಮೆಲೇ ಬಡಿಯುತ್ತಿತ್ತು. ಸದ್ದು ಯಂತ್ರದ ಸ್ವಭಾವವೇ ಆಗಿದ್ದಾಗ ಅದನ್ನು ದೋಷದ ಲಕ್ಷಣವೆಂದು ಬೇರ್ಪಡಿಸುವ ಪ್ರಶ್ನೆ ಹೆಚ್ಚಾಗಿ ಏಳಲಿಲ್ಲ. ಅಮೆರಿಕದ ರಾಚೆಸ್ಟರ್ ನಗರದ ಗ್ಲೀಸನ್ ಸಂಸ್ಥೆಯ ಯಂತ್ರಗಳಿಂದ ಬಾಗಿದ ಹಲ್ಲುಗಳನ್ನು ಕಡೆಯುವುದು ಸಾಧ್ಯವಾಗಿ, 1913ರ ಹೊತ್ತಿಗೆ ಪ್ಯಾಕರ್ಡ್ ಕಾರುಗಳಲ್ಲಿ ಅವು ಬಳಕೆಗೆ ಬಂದಾಗ, ಒಂದು ಹಲ್ಲು ಕೈಬಿಡುವ ಮುನ್ನವೇ ಇನ್ನೊಂದು ಹಿಡಿದುಕೊಳ್ಳುವ ಮೆಲುನಡೆ ಆಕ್ಸಲ್‌ಗೆ ದಕ್ಕಿತು. 1926ರಲ್ಲಿ ಅದೇ ಪ್ಯಾಕರ್ಡ್, ಪಿನಿಯನ್ನನ್ನು ಕ್ರೌನ್ ವೀಲಿನ ನಡುಗೆರೆಗಿಂತ ಕೆಳಗಿಳಿಸುವ ಹೈಪಾಯ್ಡ್ ಜೋಡಣೆಯನ್ನು ಅಳವಡಿಸಿತು. ಇದರಿಂದ ಸದ್ದು ಇನ್ನಷ್ಟು ತಗ್ಗಿ, ವಾಹನದ ತಳವೂ ತಗ್ಗಿತು. ಆದರೆ ಹಲ್ಲಿನ ಮೇಲೆ ಹಲ್ಲು ಉದ್ದಕ್ಕೂ ಜಾರುವುದರಿಂದ ಭಾರೀ ಒತ್ತಡ ತಾಳುವ ವಿಶೇಷ ಎಣ್ಣೆ ಅನಿವಾರ್ಯವಾಯಿತು. ಅದರ ಬದಲು ಸಾಮಾನ್ಯ ಗೇರ್ ಎಣ್ಣೆ ಸುರಿದರೆ ಹಲ್ಲಿನ ಮೈ ಗೀರಿಹೋಗಿ, ನುಣುಪು ಕಳೆದುಕೊಂಡು ಕೂಗತೊಡಗುತ್ತದೆ. ದೋಷಪತ್ತೆಯ ವಿದ್ಯೆ ಬೆಳೆದದ್ದು ಆಕ್ಸಲ್ ಮೌನವಾದ ಮೇಲೆಯೇ ಎಂಬುದು ವಿಚಿತ್ರವೆನಿಸಿದರೂ ಸಹಜವಾದದ್ದು.

ಗ್ಯಾರೇಜಿನ ಮೊದಲ ಸಾಧನ ಕಿವಿ, ಎರಡನೆಯದು ಕಿವಿಗೂ ಆಕ್ಸಲ್‌ನ ಹೊರಕವಚವಾದ ಹೌಸಿಂಗಿಗೂ ನಡುವೆ ಹಿಡಿದ ಉದ್ದನೆಯ ಸ್ಕ್ರೂಡ್ರೈವರ್. ಎರಡೂ ಸುಲಭವಾಗಿ ಮೋಸಹೋಗುತ್ತವೆ, ಏಕೆಂದರೆ ಸದ್ದು ಉಕ್ಕಿನ ಕೊಳವೆಯಲ್ಲಿ ಅಡೆತಡೆಯಿಲ್ಲದೆ ಹರಿದು ಹುಟ್ಟಿದ ಜಾಗದಿಂದ ದೂರದಲ್ಲಿ ಜೋರಾಗಿ ಕೇಳಬಹುದು. ಸದ್ದಿನ ಹೆಸರುಗಳೂ ಅಷ್ಟೇ: ಗುಂಯ್, ಗೊರಗೊರ, ಕಟಕಟ ಎಂದು ಅನುಕರಣಶಬ್ದಗಳಿಗೆ ಕನ್ನಡದಲ್ಲಿ ಬರವಿಲ್ಲ, ಆದರೆ ಒಬ್ಬ ಮೆಕ್ಯಾನಿಕ್ಕನ ಗುಂಯ್ ಇನ್ನೊಬ್ಬನಿಗೆ ಸಿಳ್ಳೆಯಾಗಿರುತ್ತದೆ. ಆದ್ದರಿಂದ ಅನುಭವಿಗಳು ಸದ್ದು ಹೇಗಿದೆ, ಎಲ್ಲಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದನ್ನು ಕೇಳತೊಡಗಿದ್ದೇ ಈ ಕ್ಷೇತ್ರದ ನಿಜವಾದ ತಿರುವು. ಆಕ್ಸಿಲರೇಟರ್ ಒತ್ತಿದಾಗ ಹಲ್ಲಿನ ಒಂದು ಮೈ, ಕಾಲು ತೆಗೆದು ಎಂಜಿನ್ನೇ ವಾಹನವನ್ನು ಹಿಡಿದೆಳೆಯುವಾಗ ಅದರ ಮರುಮೈ ಭಾರ ಹೊರುತ್ತದೆ. ಒಂದರಲ್ಲಿ ಕೂಗಿ ಇನ್ನೊಂದರಲ್ಲಿ ಸುಮ್ಮನಾಗುವ ಸದ್ದು ಬಹುಮಟ್ಟಿಗೆ ಕ್ರೌನ್-ಪಿನಿಯನ್ ಜೋಡಿಯದೇ. ಡಿಫರೆನ್ಷಿಯಲ್ ಒಳಗಿನ ಪುಟ್ಟ ಹಲ್ಲುಗಾಲಿಗಳು ನೇರ ಓಟದಲ್ಲಿ ತಮ್ಮ ಅಕ್ಷದ ಮೇಲೆ ಸುತ್ತುವುದೇ ಇಲ್ಲವಾದ್ದರಿಂದ, ಅವುಗಳ ದೋಷ ತಿರುವಿನಲ್ಲಷ್ಟೇ ಬಾಯಿಬಿಡುತ್ತದೆ. ಬಲಕ್ಕೆ ತಿರುಗಿದಾಗ ಏರಿ ಎಡಕ್ಕೆ ತಿರುಗಿದಾಗ ಇಳಿಯುವ ಗೊರಗೊರ, ಭಾರ ಎಡಕ್ಕೆ ವಾಲುವುದರಿಂದ, ಎಡಚಕ್ರದ ಬೇರಿಂಗಿನತ್ತ ಬೆರಳು ತೋರುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದೊಡನೆ ಧ್ವನಿ ಬದಲಾದರೆ ಅದು ಟೈರಿನದು. ಆಕ್ಸಲ್‌ಗೆ ರಸ್ತೆಯ ಮೇಲ್ಮೈ ಗೊತ್ತಾಗುವುದಿಲ್ಲ. ಇಷ್ಟನ್ನು ಗಮನಿಸದೆ ಹೌಸಿಂಗ್ ಬಿಚ್ಚಿ, ಒಳ್ಳೆಯ ಹಲ್ಲುಗಾಲಿಗಳನ್ನು ಬದಲಿಸಿದ ಮೇಲೂ ಅದೇ ಸದ್ದು ಕೇಳಿಸಿಕೊಳ್ಳುವುದು ಅಪರೂಪವೇನಲ್ಲ.

ಬಿಚ್ಚಿದ ಮೇಲೆ ಸಾಕ್ಷಿ ನುಡಿಯುವುದು ಬಣ್ಣ. ಹಲ್ಲುಗಳಿಗೆ ತೆಳುವಾಗಿ ಬಣ್ಣ ಬಳಿದು, ತುಸು ತಡೆಯೊಡ್ಡಿ ತಿರುಗಿಸಿದಾಗ ಮೂಡುವ ಗುರುತು ಹಲ್ಲಿನ ನಡುವಿನಲ್ಲಿರಬೇಕು. ಅದು ಬುಡಕ್ಕೆ ಇಳಿದಿದ್ದರೆ ಪಿನಿಯನ್ ಅತಿ ಹತ್ತಿರ, ತುದಿಗೆ ಏರಿದ್ದರೆ ಅತಿ ದೂರ ಎಂದರ್ಥ. ಶಿಮ್ ಎಂಬ ತೆಳು ಲೋಹದ ಬಿಲ್ಲೆಗಳಿಂದ ಇದನ್ನು ಸರಿಪಡಿಸುತ್ತಾರೆ. ಕಾರ್ಖಾನೆಯಲ್ಲಿ ಜೊತೆಯಾಗಿ ಉಜ್ಜಿ ಹೊಂದಿಸಿದ ಜೋಡಿಯಲ್ಲಿ ಒಂದನ್ನಷ್ಟೇ ಬದಲಿಸುವ ಉಳಿತಾಯ ಮಾತ್ರ ಉಳಿತಾಯವಾಗುವುದಿಲ್ಲ.

ಗುರುತು ಸರಿಯಾಗಿದ್ದು, ಹಲ್ಲೂ ಮುಕ್ಕಾಗದೆ ಇದ್ದರೂ ಕೆಲವು ಆಕ್ಸಲ್‌ಗಳು ಏಕೆ ಕೂಗುತ್ತವೆ ಎಂಬುದಕ್ಕೆ ಉತ್ತರದ ದಾರಿ ತೆರೆದದ್ದು 1958ರಲ್ಲಿ ಬ್ರಿಟನ್ನಿನ ಹ್ಯಾರಿಸ್ ಪ್ರಕಟಿಸಿದ ಅಧ್ಯಯನ. ನಡೆಸುವ ಗಾಲಿ ಏಕವೇಗದಲ್ಲಿ ಸುತ್ತಿದರೂ ನಡೆಯುವ ಗಾಲಿ ಹಲ್ಲು ಹಲ್ಲಿಗೂ ಕೆಲವೇ ಮೈಕ್ರೋಮೀಟರಿನಷ್ಟು ಮುಂದೆಯೋ ಹಿಂದೆಯೋ ಆಗುತ್ತಿರುತ್ತದೆ. ಪ್ರಸರಣ ದೋಷವೆನ್ನಬಹುದಾದ ಈ ಸೂಕ್ಷ್ಮ ತಡವರಿಕೆಯೇ ಕಂಪನದ ಮೂಲ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಗಣನಾವಿಧಾನವು ಕಂಪನವನ್ನು ಅದರ ಆವರ್ತನಗಳಾಗಿ ಬೇಗನೆ ಬಿಡಿಸಲು ಅನುವು ಮಾಡಿದ ಬಳಿಕ, ಯಾವಾಗ ಎಂಬ ಹಳೆಯ ಪ್ರಶ್ನೆಗೆ ಅಂಕಿಯ ಉತ್ತರ ಸಿಕ್ಕಿತು. ಟೈರು ಒಂದು ಸುತ್ತಿಗೆ 2 ಮೀಟರ್ ಉರುಳುವ, ಪಿನಿಯನ್ನಿಗೆ 10, ಕ್ರೌನ್ ವೀಲಿಗೆ 41 ಹಲ್ಲುಗಳಿರುವ ವಾಹನ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ, ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು, ಪ್ರೊಪೆಲ್ಲರ್ ಶಾಫ್ಟ್ ಸುಮಾರು 46 ಸುತ್ತು ಸುತ್ತುತ್ತದೆ. ಹಲ್ಲುಗಳು ಸೆಕೆಂಡಿಗೆ ಸುಮಾರು 455 ಬಾರಿ ಕೂಡುತ್ತವೆ. ಆವರ್ತನಗಳ ನಕ್ಷೆಯಲ್ಲಿ 11ರಲ್ಲಿ ಕಂಡದ್ದು ಟೈರಿನ ದೂರು, 46ರದು ಶಾಫ್ಟಿನ ತೂಕ ತಪ್ಪಿದ್ದು, ಅದರ ಇಮ್ಮಡಿ ಶಾಫ್ಟಿನ ಕೀಲಾದ ಜಾಯಿಂಟ್ ಕ್ರಾಸಿನದು, 455ರದು ಹಲ್ಲುಗಳದು. 455ರ ಎರಡೂ ಪಕ್ಕದಲ್ಲಿ 11ರ ಅಂತರದ ಮರಿಗೆರೆಗಳು ಎದ್ದರೆ ಕ್ರೌನ್ ವೀಲ್ ಕೇಂದ್ರ ತಪ್ಪಿ ಸುತ್ತುತ್ತಿರಬಹುದು. ಇವ್ಯಾವುದರ ಪೂರ್ಣ ಗುಣಕಕ್ಕೂ ಹೊಂದದ ಆವರ್ತನ ಬೇರಿಂಗಿನ ಅನುಮಾನ ಹುಟ್ಟಿಸುತ್ತದೆ. ಇಷ್ಟಾದರೂ ಕಂಪನ ಅಳೆಯುವ ಉಪಕರಣ ಹೊಸ ಪ್ರಶ್ನೆಯನ್ನೇನೂ ಕೇಳಲಿಲ್ಲ. ಗ್ಯಾರೇಜಿನ ಪ್ರಶ್ನೆಯನ್ನೇ ನಿಖರವಾಗಿ ಕೇಳಿತು.

1983ರಲ್ಲಿ ಬಂದ ಮಾರುತಿ 800ರ ಬಳಿಕ ಭಾರತದ ಸಣ್ಣ ಕಾರುಗಳಲ್ಲಿ ಡಿಫರೆನ್ಷಿಯಲ್ ಹೆಚ್ಚಾಗಿ ಮುಂದಿನ ಗೇರ್‌ಬಾಕ್ಸಿನೊಳಗೆ ಸೇರಿಹೋಯಿತು. ಲಾರಿ, ಬಸ್ಸು, ಜೀಪುಗಳಲ್ಲಿ ಮಾತ್ರ ಹಿಂದಿನ ಆಕ್ಸಲ್‌ನ ಆಳ್ವಿಕೆ ಮುಂದುವರಿದಿದ್ದು, ಭಾರೀ ವಾಹನಗಳ ಅಂಥ ಆಕ್ಸಲ್‌ಗಳು ಮೈಸೂರಿನಲ್ಲೂ ತಯಾರಾಗುತ್ತವೆ. ವಿದ್ಯುತ್ ವಾಹನದಲ್ಲಿ ಎಂಜಿನ್ನಿನ ಗದ್ದಲದ ಮುಸುಕು ಸರಿದಿರುವುದರಿಂದ ಹಿಂದೆ ಯಾರಿಗೂ ಕೇಳದಿದ್ದ ಹಲ್ಲಿನ ಸಣ್ಣ ಸಿಳ್ಳೆ ಈಗ ದೂರಾಗಿ ಬರುತ್ತದೆ. ಅಲ್ಲಿ ಕಾಲು ತೆಗೆದಾಗ ಮೋಟಾರು ಜನರೇಟರಾಗಿ ವಾಹನವನ್ನು ಬಲವಾಗಿ ತಡೆಯುವುದರಿಂದ, ಎಂಜಿನ್ ತಡೆಯ ಹಗುರ ಭಾರವನ್ನಷ್ಟೇ ಹೊರುತ್ತಿದ್ದ ಹಲ್ಲಿನ ಮರುಮೈ ಬ್ರೇಕಿನ ಕೆಲಸವನ್ನೂ ಹೊತ್ತುಕೊಂಡಿದೆ.