ವಿಮಾನಕ್ಕೆ ಬಿದ್ದ ಪೆಟ್ಟು, ಕಾಂಕ್ರೀಟಿನಿಂದ ಬಂದ ಲೆಕ್ಕ

ರೋಲ್ಸ್ ರಾಯ್ಸ್ ಕಂಪನಿ 1960ರ ದಶಕದ ಕೊನೆಯಲ್ಲಿ ತನ್ನ ಆರ್‌ಬಿ211 ಎಂಜಿನ್ನಿಗೆ ‘ಹೈಫಿಲ್’ ಎಂಬ ಕಾರ್ಬನ್ ನಾರಿನ ಫ್ಯಾನ್ ಬ್ಲೇಡುಗಳನ್ನು ರೂಪಿಸಿತ್ತು. 1970ರ ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಅವು ಉಳಿಯಲಿಲ್ಲ. ಟೈಟೇನಿಯಂಗೆ ಮರಳಬೇಕಾಯಿತು, ಎಂಜಿನ್ನಿನ ಖರ್ಚು ಕೈಮೀರಿ 1971ರ ಫೆಬ್ರವರಿಯಲ್ಲಿ ಕಂಪನಿಯೇ ದಿವಾಳಿಯಾಯಿತು. ಬ್ಲೇಡೊಂದೇ ಅದಕ್ಕೆ ಕಾರಣವೆನ್ನುವುದು ಉತ್ಪ್ರೇಕ್ಷೆ. ಆದರೆ ನಾರು ಮತ್ತು ರಾಳವನ್ನು ಪದರ ಪದರವಾಗಿ ಕಟ್ಟಿದ ಕಾಂಪೋಸಿಟ್ ಪೆಟ್ಟು ತಿಂದಾಗ ಒಳಗೇನಾಗುತ್ತದೆಂದು ಮೊದಲೇ ಲೆಕ್ಕಹಾಕುವ ಭರವಸೆಯ ದಾರಿ ಆಗ ಇರಲಿಲ್ಲ.

ವಸ್ತುವನ್ನು ಸಣ್ಣ ಘಟಕಗಳ ಜಾಲವಾಗಿ ಒಡೆದು ಲೆಕ್ಕಹಾಕುವ ಫೈನೈಟ್ ಎಲಿಮೆಂಟ್ ವಿಧಾನವೇನೋ ಇತ್ತು. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ 1956ರಲ್ಲಿ ಪ್ರಕಟಿಸಿದ ಲೆಕ್ಕಕ್ರಮಕ್ಕೆ 1960ರಲ್ಲಿ ಕ್ಲಫ್ ಆ ಹೆಸರಿಟ್ಟರು. ಅದು ಹುಟ್ಟಿದ್ದು ಲೋಹದ ವಿಮಾನಗಳ ಕಾಲದಲ್ಲಿ. ಅಲ್ಯೂಮಿನಿಯಂ ತಗ್ಗು ಬಿದ್ದು ತನ್ನ ಗಾಯವನ್ನು ತಾನೇ ತೋರಿಸುತ್ತದೆ. ಕಾಂಪೋಸಿಟ್ ಮೇಲೆ ಸ್ಪ್ಯಾನರ್ ಬಿದ್ದರೆ ಗುರುತು ಕಾಣುವುದೇ ಕಷ್ಟ. ಒಳಗೆ ರಾಳ ಸೀಳಿ ಪದರಗಳು ಬಿಟ್ಟುಕೊಂಡಿರುತ್ತವೆ. ಒತ್ತಡ ಬಿದ್ದಾಗ ಆ ಪದರಗಳು ಒಂದೊಂದಾಗಿ ಬಾಗಿ ಮಣಿಯುತ್ತವೆ. ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ, ನಾಣ್ಯದಿಂದ ತಟ್ಟಿ ಸದ್ದು ಆಲಿಸಿ ಈ ಒಳಗಾಯವನ್ನು ಪತ್ತೆಹಚ್ಚುವುದು ಇಂದಿಗೂ ಉಂಟು.

ಇಂಥ ಗಾಯವನ್ನು ಲೆಕ್ಕಹಾಕಲು ಕಲಿತ ಚರಿತ್ರೆಯನ್ನು ಕಂಪ್ಯೂಟರ್ ಬೆಳೆದ ಕಥೆಯಾಗಿ ಹೇಳುವುದು ವಾಡಿಕೆ. 1976ರಲ್ಲಿ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಬರೆದ ಡೈನಾ3ಡಿ ಎಂಬ ತಂತ್ರಾಂಶ, ಅದರಿಂದ ಬಂದ ಎಲ್‌ಎಸ್-ಡೈನಾ, ಇವುಗಳ ಪಾಲು ದೊಡ್ಡದೇ. 1980ರಲ್ಲಿ ಜ್ವಿ ಹಾಶಿನ್ ನಾರಿನ ಮುರಿತವನ್ನೂ ರಾಳದ ಮುರಿತವನ್ನೂ ಬೇರೆ ಬೇರೆ ಸೂತ್ರಗಳಲ್ಲಿ ಹಿಡಿದರು. ‘ಮುರಿಯಿತೇ’ ಎಂಬ ಪ್ರಶ್ನೆ ‘ಏನು ಮುರಿಯಿತು’ ಎಂದಾಯಿತು. ಆದರೂ ಒಂದು ತೊಡಕು ಉಳಿದೇ ಇತ್ತು. ಮುರಿದ ಘಟಕದ ಬಲವನ್ನು ಇಳಿಸುತ್ತ ಹೋದರೆ, ಜಾಲ ಸಣ್ಣದಾದಷ್ಟೂ ಮುರಿಯಲು ಬೇಕಾದ ಶಕ್ತಿ ಕಡಿಮೆಯಾಗುತ್ತಿತ್ತು. ಗಣಕವನ್ನು ಹೆಚ್ಚು ದುಡಿಸಿದಷ್ಟೂ ಉತ್ತರ ಕೆಡುವುದೆಂದರೆ ವಿಚಿತ್ರವೇ ಸರಿ!

ನನ್ನ ಓದಿನಲ್ಲಿ ಇದಕ್ಕೆ ಪರಿಹಾರದ ಬೇರು ಇರುವುದು ಕಾಂಕ್ರೀಟಿನಲ್ಲಿ. ಸ್ವೀಡನ್ನಿನ ಹಿಲ್ಲರ್‌ಬೋರ್ಗ್ ಮತ್ತು ಸಂಗಡಿಗರು 1976ರಲ್ಲಿ, ಬಿರುಕು ಒಮ್ಮೆಲೇ ಬಾಯಿ ಬಿಡುವುದಿಲ್ಲ, ಅದರ ಎರಡು ದಡಗಳು ಸ್ವಲ್ಪ ಹೊತ್ತು ಒಂದನ್ನೊಂದು ಹಿಡಿದಿರುತ್ತವೆ ಎಂಬುದನ್ನು ಕಾಂಕ್ರೀಟಿನ ಲೆಕ್ಕಕ್ಕೆ ಒಗ್ಗಿಸಿದರು. ಅದರ ಹಿಂದೆ ಡಗ್‌ಡೇಲ್ ಮತ್ತು ಬ್ಯಾರೆನ್‌ಬ್ಲಾಟ್ ಅವರ ಕೆಲಸವಿತ್ತು. 1983ರಲ್ಲಿ ಬಝಾಂಟ್ ಮತ್ತು ಓ ಮುರಿತದ ಶಕ್ತಿಯನ್ನು ಘಟಕದ ಅಳತೆಗೆ ಕಟ್ಟಿಹಾಕಿದರು. ಕಾಂಪೋಸಿಟ್‌ನವರು ಎರಡನ್ನೂ ಎರವಲು ಪಡೆದರು: ಪದರದೊಳಗಿನ ಹಾನಿಗೆ ಎರಡನೆಯದು, ಪದರಗಳ ನಡುವಿನ ಬಿರುಕಿಗೆ ಮೊದಲನೆಯದು. 2002ರಲ್ಲಿ ಕಮಾನ್ಯೊ ಮತ್ತು ದಾವಿಲಾ ನಾಸಾ ವರದಿಯಲ್ಲಿ ವಿವರಿಸಿದ, ಪದರಗಳ ನಡುವೆ ಕೂರಿಸುವ ಅಂಟು-ಘಟಕ ಈ ಎರವಲಿನ ಪ್ರಸಿದ್ಧ ರೂಪ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಿರುಕಿನ ತುದಿಯಲ್ಲಿ ದಡಗಳು ಹಿಡಿದಿರುವ ಜಾಗ ಕಾರ್ಬನ್-ಎಪಾಕ್ಸಿಯಲ್ಲಿ ಮಿಲಿಮೀಟರುಗಳ ಲೆಕ್ಕದ್ದು. ಅಷ್ಟರೊಳಗೆ ಹಲವು ಘಟಕಗಳು ಕೂರಬೇಕು. ಅಂಗೈ ಅಗಲದ ಹಲಗೆಗೆ ಇದು ಸಾಧ್ಯ, ತೇಜಸ್‌ನಂಥ ವಿಮಾನದ ಇಡೀ ರೆಕ್ಕೆಗೆ ಕಷ್ಟ. ಹಾಗಾಗಿ ಬೆಂಗಳೂರಿನ ಎನ್‌ಎಎಲ್ ವೈಮಾನಿಕ ಪ್ರಯೋಗಾಲಯದಲ್ಲಿ ಹಕ್ಕಿ ಬಡಿತ ಪರೀಕ್ಷಿಸುವ ಗಾಳಿ ಫಿರಂಗಿಗೆ ಇನ್ನೂ ಕೆಲಸವಿದೆ.