ದೊಡ್ಡರೋಗದ ಚರಿತ್ರೆ

ಅರಸರ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಬಹುಮಂದಿ. ಆ ಅರಸರ ಫಿರಂಗಿಗಳನ್ನೆಳೆದ ಎತ್ತುಗಳ ಚರಿತ್ರೆಯನ್ನು ಬರೆದವರು ವಿರಳ. ಅದರಲ್ಲಿಯೂ ಎತ್ತುಗಳ ರೋಗಗಳ ಚರಿತ್ರೆಯೆಂದರೆ ಅದು ಪಶುವೈದ್ಯ ಇಲಾಖೆಯ ವರದಿಗಳೊಳಗೇ ಉಳಿದುಬಿಟ್ಟಿದೆ. ಸಿಡುಬು ಭೂಮಂಡಲದಿಂದ ತೊಲಗಿತೆಂಬುದನ್ನು ನಮ್ಮ ಐದನೆಯ ತರಗತಿಯ ಮಕ್ಕಳೂ ಬಲ್ಲರು. ಸಿಡುಬಿನ ತರುವಾಯ ಹಾಗೆಯೇ ಬೇರುಸಹಿತ ತೊಲಗಿದ ಎರಡನೆಯ ರೋಗವೊಂದುಂಟು, ಅದು ದನಗಳದು, ಭಾರತದಲ್ಲಿ ಅದರ ಕಡೆಯ ಹೋರಾಟ ನಮ್ಮ ಈ ದಕ್ಷಿಣದ ಸೀಮೆಯಲ್ಲಿಯೇ ನಡೆಯಿತು ಎಂದರೆ ಮಾತ್ರ ಹಿರಿಯರೂ ಅಹುದೇ ಎಂದು ಕೇಳುತ್ತಾರೆ. ಅದೇ ದೊಡ್ಡರೋಗ, ಇಂಗ್ಲಿಷರು ಜರ್ಮನರ ಮಾತನ್ನು ಎರವಲು ತಂದು ರಿಂಡರ್‌ಪೆಸ್ಟ್ ಎಂದು ಕರೆದದ್ದು.

ತಮಿಳರು ಇದನ್ನು ವೆಕ್ಕೈ ಎಂದರು, ಮಲೆಯಾಳದವರು ಕಾಲಿವಸಂತ ಎಂದರು, ಸೊಲ್ಲಾಪುರದ ಕಡೆಯ ನಮ್ಮ ಬಂಧುಗಳು ಮರಾಠಿಗರಿಂದ ಬುಳಕಾಂಡಿ ಎಂಬ ಹೆಸರನ್ನು ಕೇಳಿರಬಹುದು. ಹೆಸರುಗಳನ್ನು ಇಲ್ಲಿ ಹೇಳಿದ್ದು ಭಾಷಾಕುತೂಹಲದಿಂದಲ್ಲ. ಒಂದು ಊರಿನಲ್ಲಿ ಒಂದು ಹೆಸರಿನಿಂದ ಸತ್ತ ದನ ಮೂರು ಹರದಾರಿ ಆಚೆ ಇನ್ನೊಂದು ಹೆಸರಿನಿಂದ ಸಾಯುತ್ತಿದ್ದಾಗ, ಎರಡೂ ಒಂದೇ ಬೇನೆಯೆಂದು ಕಚೇರಿಯ ಕಾಗದದಲ್ಲಿ ಕೂಡಿಬರುವುದಕ್ಕೆ ಬಹುಕಾಲ ಹಿಡಿಯಿತು.

ರೋಗದ ಸ್ವರೂಪವನ್ನು ಮೊದಲು ಹೇಳಬೇಕು. ದನಕ್ಕೆ ಸುಡುವ ಜ್ವರ ಬರುವುದು, ಮೇವು ಬಿಡುವುದು, ಕಣ್ಣು ಮೂಗುಗಳಿಂದ ಮೊದಲು ನೀರು, ಆಮೇಲೆ ಕೀವಿನಂಥ ಲೋಳೆ ಸುರಿಯುವುದು, ತುಟಿಯ ಒಳಗೂ ವಸಡಿನಲ್ಲಿಯೂ ನಾಲಗೆಯಡಿಯಲ್ಲಿಯೂ ಹೊಟ್ಟು ಮೆತ್ತಿದಂತೆ ಕಂಡು ಅದು ಉದುರಿ ಹುಣ್ಣಾಗುವುದು, ಬಳಿಕ ದುರ್ವಾಸನೆಯ ಭೇದಿ ಹತ್ತಿ, ಸುಮಾರು ಆರರಿಂದ ಹನ್ನೆರಡು ದಿನಗಳೊಳಗೆ ಸಾವು. ಹಿಂದೆಂದೂ ರೋಗವನ್ನು ಕಾಣದ ಮಂದೆಗೆ ಹೊಕ್ಕರೆ ನೂರಕ್ಕೆ ಎಂಬತ್ತು ತೊಂಬತ್ತು ದನಗಳನ್ನು ಒಯ್ದದ್ದೂ ಉಂಟು. ಇದಕ್ಕೆ ಕಾರಣವಾದ ವೈರಾಣು ನಮ್ಮ ಮಕ್ಕಳಿಗೆ ಬರುವ ದಡಾರದ ವೈರಾಣುವಿನ ಹತ್ತಿರದ ಬಂಧು. ದಡಾರವೇ ಪುರಾತನ ಕಾಲದಲ್ಲಿ ದನಗಳಿಂದ ಮನುಷ್ಯನಿಗೆ ಬಂದುದಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಕೊಟ್ಟಿಗೆಯ ಪಕ್ಕದಲ್ಲಿ ಮಲಗಿ ಬೆಳೆದ ಜನಾಂಗದವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಕಾರಣ ತಿಳಿಯದಿದ್ದ ಕಾಲದಲ್ಲಿ ಜನರು ಅದನ್ನು ಮಾರಿಯೆಂದು ತಿಳಿದರು. ದಕ್ಷಿಣದ ಹಲವು ಕಡೆಗಳಲ್ಲಿ ಬೇನೆ ಬಂದ ಊರಿನವರು ಮಾರಿಯನ್ನು ಪೂಜಿಸಿ, ಬಲಿಕೊಟ್ಟು, ಆಕೆಯನ್ನು ಬಂಡಿಯಲ್ಲಿಯೋ ಬುಟ್ಟಿಯಲ್ಲಿಯೋ ಇರಿಸಿ ಊರಗಡಿಯಾಚೆಗೆ ಸಾಗಿಸಿಬರುತ್ತಿದ್ದರು. ಆಚೆಯ ಊರಿನವರು ಬೆಳಿಗ್ಗೆದ್ದು ನೋಡಿ, ತಮ್ಮ ಪಾಲಿನ ಪೂಜೆಯನ್ನು ಮುಗಿಸಿ, ಮುಂದಿನ ಗಡಿಗೆ ದಾಟಿಸುವರು. ಇದನ್ನು ಮೌಢ್ಯವೆಂದು ಹಳಿದು ಸುಮ್ಮನಾಗುವುದು ಸುಲಭ. ನನಗೆ ಮಾತ್ರ ಇದರಲ್ಲೊಂದು ಕಣ್ಣಿಟ್ಟು ಕಂಡ ಸತ್ಯವೂ ಕಾಣುತ್ತದೆ: ರೋಗವು ಊರಿಂದೂರಿಗೆ ದಾರಿ ಹಿಡಿದು ನಡೆಯುವ ವಸ್ತುವೆಂದು ಆ ಜನ ಬಲ್ಲವರಾಗಿದ್ದರು. ಅದು ದನದ ಕಾಲಿನಲ್ಲಿಯೇ ನಡೆಯುತ್ತದೆಂಬುದೊಂದು ಅವರಿಗೆ ತಿಳಿದಿರಲಿಲ್ಲ.

ಯೂರೋಪಿನಲ್ಲಿ ಈ ಮಾತನ್ನು ಖಚಿತವಾಗಿ ಹೇಳಿದವರಲ್ಲಿ ಮೊದಲಿಗನು ಪೋಪ್ ಹನ್ನೊಂದನೆಯ ಕ್ಲೆಮೆಂಟನ ವೈದ್ಯನಾದ ಜಿಯೊವಾನಿ ಮಾರಿಯಾ ಲಾನ್ಸಿಸಿ. 1711ರಿಂದ ಇಟಲಿಯನ್ನು ದಹಿಸುತ್ತಿದ್ದ ದನಗಳ ಪಿಡುಗಿಗೆ ಔಷಧವನ್ನು ಹುಡುಕುತ್ತ ಕೂರದೆ, ರೋಗದ ದನವನ್ನು ಕೊಂದು ಸುಣ್ಣ ಹಾಕಿ ಹೂಳಬೇಕು, ದನಗಳ ಸಾಗಣೆಯನ್ನು ನಿಲ್ಲಿಸಬೇಕು, ಆಜ್ಞೆಯನ್ನು ಮೀರಿದವರಿಗೆ ಘೋರಶಿಕ್ಷೆಯಾಗಬೇಕು ಎಂದು ಅವನು ವಿಧಿಸಿದನು. 1762ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲಾಡ್ ಬೂರ್ಜೆಲಾ ಎಂಬವನು ತೆರೆದ ಮೊಟ್ಟಮೊದಲ ಪಶುವೈದ್ಯ ಶಾಲೆಗೂ ಈ ಪಿಡುಗೇ ಬಹುಮಟ್ಟಿಗೆ ಪ್ರೇರಣೆ. 1865ರಲ್ಲಿ ಬಾಲ್ಟಿಕ್ ತೀರದಿಂದ ಹಡಗಿನಲ್ಲಿ ಬಂದ ದನಗಳ ಮೂಲಕ ರೋಗವು ಇಂಗ್ಲೆಂಡಿಗೆ ಇಳಿದಾಗ ಅಲ್ಲಿಯ ಇಗರ್ಜಿಗಳಲ್ಲಿ ದನಗಳಿಗಾಗಿ ವಿಶೇಷ ಪ್ರಾರ್ಥನೆಗಳು ನಡೆದುವು. ನಮ್ಮ ಮಾರಿಪೂಜೆಯನ್ನು ನಕ್ಕವರು ಇದನ್ನೂ ನೆನೆಯಬಹುದು. ಲಕ್ಷಾಂತರ ದನಗಳು ಹೋದಮೇಲೆ, 1866ರಲ್ಲಿ ಕಡ್ಡಾಯ ವಧೆಯ ಕಾಯಿದೆ ಬಂದು ರೋಗವಡಗಿತು.

ವಿಚಿತ್ರವೆಂದರೆ ಅದೇ 1866ರಲ್ಲಿ ಮದ್ರಾಸು ಆಧಿಪತ್ಯದಲ್ಲಿಯೂ ದನಗಳ ರೋಗವನ್ನು ತಡೆಯುವುದಕ್ಕಾಗಿ ಒಂದು ಶಾಸನವಾಯಿತು. 1869ರಲ್ಲಿ ಹ್ಯಾಲನ್ ಎಂಬ ಪಶುವೈದ್ಯಾಧಿಕಾರಿಯ ಅಧ್ಯಕ್ಷತೆಯಲ್ಲಿ ಸರ್ಕಾರವು ನೇಮಿಸಿದ ಆಯೋಗವು ದೇಶವನ್ನು ಸುತ್ತಿ 1871ರಲ್ಲಿ ವರದಿಯನ್ನೊಪ್ಪಿಸಿತು. ಹಲವು ಹೆಸರುಗಳಿಂದ ಇಲ್ಲಿ ದನಗಳನ್ನು ಕೊಲ್ಲುತ್ತಿರುವುದು ಯೂರೋಪಿನ ಆ ಪಿಡುಗೇ ಎಂದು ಹೇಳಿತು. ಆದರೆ ಇಂಗ್ಲೆಂಡಿನ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ. ಹಸುವನ್ನು ಕೊಲ್ಲುವ ಆಜ್ಞೆಯನ್ನು ಹೊತ್ತು ಯಾವ ಅಮಲ್ದಾರನು ಊರೊಳಗೆ ಬರಬಲ್ಲನು? ಉಳಿದುದು ರೋಗದ ದನವನ್ನು ಬೇರೆ ಕಟ್ಟುವುದು, ಸಂತೆಯನ್ನು ನಿಲ್ಲಿಸುವುದು, ಊರಿನ ಅಧಿಕಾರಿ ಮೇಲಕ್ಕೆ ವರದಿ ಬರೆಯುವುದು, ಇಷ್ಟೆ.

ಈ ಕಾಲದ ಒಂದು ದುಃಖದ ಸಂಗತಿಯನ್ನು ಬಿಡಲಾಗದು. ಉತ್ತರ ಹಿಂದೂಸ್ಥಾನದ ಹಲವು ಜಿಲ್ಲೆಗಳಲ್ಲಿ ಗುಂಪುಗುಂಪಾಗಿ ದನಗಳು ಸತ್ತಾಗ, ಚರ್ಮದಾಸೆಯಿಂದ ಚಮಾರರು ವಿಷವಿಕ್ಕಿದರೆಂಬ ಆರೋಪ ಎದ್ದಿತು. ಪೊಲೀಸರೂ ಅದನ್ನು ನಂಬಿದರು. ಬಡವರು ಸೆರೆಮನೆ ಕಂಡರು. ವಿಷವಿಕ್ಕಿದ ಪ್ರಕರಣಗಳು ಇರಲೇ ಇಲ್ಲವೆಂದು ಹೇಳಲಾಗದು. ಆದರೆ ಸತ್ತ ದನವನ್ನು ಹೊತ್ತೊಯ್ಯುವ ಕರ್ತವ್ಯವನ್ನು ಯಾರ ಹೆಗಲಿಗೆ ಸಮಾಜವೇ ಹೊರಿಸಿತ್ತೋ, ಕೊಂದ ಅಪವಾದವನ್ನೂ ಅವರ ಮೇಲೆಯೇ ಹೊರಿಸಿದುದು ನ್ಯಾಯವಲ್ಲ. ರೋಗವನ್ನು ಗುರುತಿಸಲಾರದ ಆಡಳಿತ ಅಪರಾಧಿಯನ್ನು ಹುಡುಕಿತು.

1889ರಲ್ಲಿ ಪುಣೆಯಲ್ಲಿ ಸರ್ಕಾರದ ಬ್ಯಾಕ್ಟೀರಿಯಾಶಾಸ್ತ್ರದ ಪ್ರಯೋಗಶಾಲೆಯೊಂದು ಹುಟ್ಟಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಮಾರಕ ಸೋಂಕನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರಿಗೆ ಜನವಸತಿಯಿಂದ ದೂರವಾದ ತಂಪು ಬೆಟ್ಟವೇ ಲೇಸೆಂದು ಕಂಡಿತು. ಅದರ ಮುಖ್ಯಸ್ಥನು ಆಲ್ಫ್ರೆಡ್ ಲಿಂಗಾರ್ಡ್. ದಕ್ಷಿಣ ಆಫ್ರಿಕದಲ್ಲಿ ಇದೇ ರೋಗದ ಮೇಲೆ ಕೆಲಸ ಮಾಡಿದ ರಾಬರ್ಟ್ ಕೋಖ್ 1897ರಲ್ಲಿ ಅಲ್ಲಿಗೆ ಬಂದುಹೋದನು. ಆಫ್ರಿಕದ ಆ ಕಥೆ ಭಯಂಕರವಾದುದು. 1887ರಲ್ಲಿ ಕೆಂಪು ಸಮುದ್ರದ ತೀರದಲ್ಲಿ ಇಳಿದ ರೋಗ ಹತ್ತು ವರ್ಷಗಳೊಳಗೆ ಖಂಡದ ದಕ್ಷಿಣದ ತುದಿಯನ್ನು ಮುಟ್ಟಿತು. ಎತ್ತುಗಳಿಲ್ಲದೆ ಉಳುಮೆ ನಿಂತ ಇಥಿಯೋಪಿಯದಲ್ಲಿ ಜನಸಂಖ್ಯೆಯ ಮೂರರಲ್ಲಿ ಒಂದು ಪಾಲು ಕ್ಷಾಮದಲ್ಲಿ ಅಳಿಯಿತೆಂದು ಅಂದಾಜು. ಇಟಲಿಯ ಸೈನ್ಯಕ್ಕಾಗಿ ಹಡಗೇರಿದ ಭಾರತದ ದನಗಳೇ ರೋಗವನ್ನು ಒಯ್ದುವೆಂದು ಹಲವರ ಅಭಿಪ್ರಾಯ.

ನಮ್ಮ ದನಗಳ ಮೇಲಿನ ಇನ್ನೊಂದು ಆರೋಪಕ್ಕೆ ಸಂದೇಹವೇ ಇಲ್ಲ. 1920ರಲ್ಲಿ ಭಾರತದಿಂದ ಬ್ರೆಜಿಲಿಗೆ ಹೊರಟ ಇಣಿದನಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ತಂಗಿದುವು. ಬೆಲ್ಜಿಯಂನಲ್ಲಿ ದೊಡ್ಡರೋಗ ಎದ್ದಿತು. ಗಾಬರಿಗೊಂಡ ರಾಷ್ಟ್ರಗಳು ಕೂಡಿ 1924ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಪಶುರೋಗಗಳ ಅಂತರರಾಷ್ಟ್ರೀಯ ಕಾರ್ಯಾಲಯವನ್ನು ಸ್ಥಾಪಿಸಿದುವು. ಸಹಿಹಾಕಿದವರು 28 ರಾಷ್ಟ್ರಗಳವರು. ನಿನ್ನ ದೇಶದಲ್ಲಿ ರೋಗ ಕಂಡರೆ ಮುಚ್ಚಿಡದೆ ತಿಳಿಸು ಎಂಬುದು ಅದರ ಮುಖ್ಯ ಸೂತ್ರ. ವಿಶ್ವಸಂಸ್ಥೆಗಿಂತ ಇಪ್ಪತ್ತೊಂದು ವರ್ಷ ಹಿರಿದಾದ ಈ ಸಂಸ್ಥೆಗೆ ನಮ್ಮ ದೇಶದ ಕೆಲವು ದನಗಳು ನಿಮಿತ್ತವಾದುವೆಂಬುದು ಚರಿತ್ರೆಯ ಒಂದು ವಿನೋದ.

ಮುಕ್ತೇಶ್ವರದಲ್ಲಿ ಮೊದಲು ತಯಾರಾದುದು ರೋಗದಿಂದ ಗೆದ್ದ ದನಗಳ ರಕ್ತರಸ, ಅರ್ಥಾತ್ ಸೀರಂ. ಅದರ ರಕ್ಷಣೆ ಕೆಲವೇ ದಿನಗಳದು. ಮೈಸೂರು ಸಂಸ್ಥಾನವು ತನ್ನ ಸೀರಮ್ಮನ್ನು ತಾನೇ ಮಾಡಿಕೊಳ್ಳಲೆಂದು 1925ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯನ್ನೇ ತೆರೆಯಿತು. ಹೆಬ್ಬಾಳದಲ್ಲಿ ಅದು ಇಂದಿಗೂ ಬೇರೆ ಹೆಸರಿನಿಂದ ಕೆಲಸಮಾಡುತ್ತಿದೆ. ಅದೇ ದಶಕದಲ್ಲಿ ಮುಕ್ತೇಶ್ವರದ ಎಡ್ವರ್ಡ್ಸ್, ರೋಗದ ವೈರಾಣುವನ್ನು ಒಂದು ಮೇಕೆಯಿಂದ ಇನ್ನೊಂದು ಮೇಕೆಗೆ ಎಡೆಬಿಡದೆ ದಾಟಿಸುತ್ತ ಹೋದಾಗ ದನಗಳ ಪಾಲಿಗೆ ಅದರ ವಿಷ ಇಳಿದುಹೋದುದನ್ನು ಕಂಡನು. ಹೀಗೆ ಹುಟ್ಟಿದ ಮೇಕೆಯ ಲಸಿಕೆ ಅಗ್ಗವಾದುದು. ಒಮ್ಮೆ ಚುಚ್ಚಿದರೆ ಬಹುವರ್ಷಗಳ ರಕ್ಷಣೆ.

ಮದ್ದು ದೊರೆತರೂ ರೋಗ ಹೋಗಲಿಲ್ಲ. 1940ರಲ್ಲಿ ಮದ್ರಾಸು ಸರ್ಕಾರ ಈ ಒಂದೇ ರೋಗಕ್ಕಾಗಿ ಪ್ರತ್ಯೇಕ ಶಾಸನ ಮಾಡಿತು. ಸ್ವಾತಂತ್ರ್ಯಾನಂತರ, 1954ರಲ್ಲಿ ಪ್ರಯೋಗವಾಗಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಯೋಜನೆ ಎರಡು ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಆಗ ವರ್ಷವೊಂದಕ್ಕೆ ಸುಮಾರು 8,000 ಕಡೆ ರೋಗ ಏಳುತ್ತಿತ್ತು, ಸುಮಾರು 2 ಲಕ್ಷ ದನಗಳು ಸಾಯುತ್ತಿದ್ದುವು. ಕೆಲವೇ ವರ್ಷಗಳಲ್ಲಿ ಈ ಸಂಖ್ಯೆ ಕೆಲವು ನೂರುಗಳಿಗೆ ಇಳಿಯಿತು. ಆದರೆ ನೂರಕ್ಕೆ ಎಂಬತ್ತು ದನಗಳಿಗೆ ಚುಚ್ಚುವುದು ಒಂದು ಮಾತು. ಉಳಿದ ಇಪ್ಪತ್ತು ಎಲ್ಲಿವೆಯೆಂದು ಹುಡುಕುವುದು ಬೇರೆಯೇ ಮಾತು. ದಕ್ಷಿಣದ ರಾಜ್ಯಗಳಲ್ಲಿ, ಅಂದರೆ ಆಂಧ್ರ, ಕರ್ನಾಟಕ, ತಮಿಳುನಾಡು, ಕೇರಳಗಳಲ್ಲಿ ರೋಗ ಅಲ್ಲಲ್ಲಿ ಬೂದಿಯೊಳಗಿನ ಕೆಂಡದಂತೆ ಉಳಿಯಿತು.

ಏಕೆ ಉಳಿಯಿತೆಂಬುದಕ್ಕೆ ನಮ್ಮ ಸೀಮೆಯನ್ನು ನೋಡಿದರೆ ಸಾಕು. ಬರಗೂರು ಬೆಟ್ಟದ ಕನ್ನಡ ಮಾತಾಡುವ ಲಿಂಗಾಯತರು ಸಾಕುವ, ಕಂದುಬಣ್ಣದ ಮೇಲೆ ಬಿಳಿಯ ಮಚ್ಚೆಗಳ ದನಗಳನ್ನು ಓದುಗರು ಕಂಡಿರಬಹುದು. ಅವು ಕಾಡಿನ ದೊಡ್ಡಿಗಳಲ್ಲಿ ರಾತ್ರಿ ಕಳೆಯುವ ಮಂದೆಗಳು, ಮನುಷ್ಯನಿಗೆ ಸುಲಭವಾಗಿ ಮೈಕೊಡುವ ಸ್ವಭಾವದವಲ್ಲ. ಆಡಿ ಮಾಸದ ಅಂದಿಯೂರು ಗುರುನಾಥಸ್ವಾಮಿ ಜಾತ್ರೆಗೆ ಎತ್ತು, ಹೋರಿ, ಕುದುರೆಗಳು ಎಲ್ಲೆಲ್ಲಿಂದಲೋ ಬರುತ್ತವೆ. ಕೊಂಡವನ ಮನೆ ಒಂದು ರಾಜ್ಯದಲ್ಲಿ, ಮಾರಿದವನ ಮನೆ ಇನ್ನೊಂದರಲ್ಲಿ. ರೋಗವೆದ್ದ ಸುದ್ದಿಯನ್ನು ಕಚೇರಿಗೆ ಮುಟ್ಟಿಸಿದರೆ ಸಂತೆ ನಿಲ್ಲುವುದು, ಬಿತ್ತನೆಯ ಹೊತ್ತಿಗೆ ಎತ್ತು ಸಿಗದು, ಇದ್ದ ಎತ್ತಿಗೆ ಬೆಲೆ ಬಾರದು. ಹೀಗಿರುವಾಗ ರೈತನು ಬಾಯಿ ಮುಚ್ಚಿಕೊಂಡರೆ ಅವನನ್ನು ಅಜ್ಞಾನಿಯೆನ್ನುವುದು ನನಗೆ ಒಪ್ಪಿಗೆಯಿಲ್ಲ. ಅವನು ತನ್ನ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದಾನೆ. ಅವನ ಲೆಕ್ಕದಲ್ಲಿ ನೆರೆಯವನ ದನ ಇಲ್ಲ, ಅಷ್ಟೆ.

1992ರಲ್ಲಿ ಯೂರೋಪಿಯನ್ ಸಮುದಾಯದ ನೆರವಿನೊಡನೆ ಹೊಸ ಯೋಜನೆ ಆರಂಭವಾದಾಗ ಕೆಲಸದ ಮುಖವೇ ತಿರುಗಿತು. ಚುಚ್ಚುವುದಕ್ಕಿಂತ ಹುಡುಕುವುದಕ್ಕೆ ಪ್ರಾಧಾನ್ಯ ಬಂದಿತು. ಪಶುವೈದ್ಯರು ಊರೂರಿಗೂ, ದನ ನಡೆಯುವ ದಾರಿಗಳಿಗೂ, ಸಂತೆಗಳಿಗೂ ಹೋಗಿ ಕಣ್ಣೀರು, ಬಾಯಿಹುಣ್ಣು, ಭೇದಿಗಳ ವಿಚಾರವನ್ನು ಕೇಳಿ ಬರೆದುಕೊಂಡರು. ಇದರ ನಡುವೆ ಒಂದು ತೊಡಕೂ ಇತ್ತು. 1987ರಲ್ಲಿ ತಮಿಳುನಾಡಿನ ಕುರಿಗಳಲ್ಲಿ ಕಂಡ ಬೇನೆ ದೊಡ್ಡರೋಗವನ್ನೇ ಹೋಲುವ ಇನ್ನೊಂದು ರೋಗವೆಂದು ಪ್ರಯೋಗಶಾಲೆಯಲ್ಲಿ ತಿಳಿಯಿತು; ಆಡುಕುರಿಗಳ ಆ ಪಿಪಿಆರ್ ರೋಗ ಇಂದಿಗೂ ಇದೆ. ಕಣ್ಣಿಗೆ ಎರಡೂ ಒಂದೇ. ಆದುದರಿಂದ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸದೆ ಯಾರ ಮಾತೂ ನಡೆಯುವಂತಿರಲಿಲ್ಲ.

ಎಲ್ಲಕ್ಕಿಂತ ಎದೆಗಾರಿಕೆಯ ಹೆಜ್ಜೆಯೆಂದರೆ ಲಸಿಕೆಯನ್ನು ನಿಲ್ಲಿಸಿದುದು. ಲಸಿಕೆ ಪಡೆದ ದನದ ರಕ್ತದಲ್ಲಿಯೂ ರೋಗದಿಂದ ಗೆದ್ದ ದನದ ರಕ್ತದಲ್ಲಿಯೂ ಒಂದೇ ಬಗೆಯ ರಕ್ಷಕ ವಸ್ತುಗಳಿರುತ್ತವೆ. ಯಾವುದು ಮದ್ದಿನಿಂದ ಬಂದುದು, ಯಾವುದು ರೋಗದಿಂದ ಬಂದುದು ಎಂದು ಹೇಳಲಾಗದು. ಲಸಿಕೆ ನಿಲ್ಲಿಸಿದ ಮೇಲೆ ಹುಟ್ಟಿದ ಕರುಗಳು, ತಾಯ ಹಾಲಿನಿಂದ ಬಂದ ರಕ್ಷಣೆ ಕಳೆಯುವಷ್ಟು ಬೆಳೆದಾಗ, ಅವುಗಳ ರಕ್ತ ಮಾತ್ರ ನಿಜ ಹೇಳಬಲ್ಲುದು. ಅದರಲ್ಲಿ ರಕ್ಷಕ ವಸ್ತು ಕಂಡರೆ ರೋಗ ಎಲ್ಲಿಯೋ ಅಡಗಿದೆ; ಕಾಣದಿದ್ದರೆ ಹೋಗಿದೆ. ಗೆದ್ದ ದನ ರೋಗವನ್ನು ಬಚ್ಚಿಟ್ಟುಕೊಂಡು ತಿರುಗುವುದಿಲ್ಲವೆಂಬುದೂ, ಬಿಸಿಲಿನಲ್ಲಿ ವೈರಾಣು ಬೇಗ ಸಾಯುವುದೆಂಬುದೂ ಈ ಸಾಹಸಕ್ಕೆ ಬೆಂಬಲವಾದುವು.

ಭಾರತದಲ್ಲಿ ಕಡೆಯ ದೊಡ್ಡರೋಗ ಕಂಡುದು 1995ರಲ್ಲಿ, ತಮಿಳುನಾಡಿನಲ್ಲಿ. 1998ರಲ್ಲಿ ದೇಶವು ತಾತ್ಕಾಲಿಕವಾಗಿ ರೋಗಮುಕ್ತವೆಂದು ಸಾರಿಕೊಂಡಿತು. 2004ರಲ್ಲಿ ಪ್ಯಾರಿಸಿನ ಸಂಸ್ಥೆ ರೋಗವಿಲ್ಲವೆಂದೂ, 2006ರಲ್ಲಿ ಸೋಂಕೂ ಇಲ್ಲವೆಂದೂ ಒಪ್ಪಿತು. ಜಗತ್ತಿನಲ್ಲಿ ಕೊನೆಯ ಬಾರಿ ಅದು ಕಂಡುದು 2001ರಲ್ಲಿ, ಕೀನ್ಯದ ಕಾಡುಕೋಣಗಳಲ್ಲಿ. 2011ರ ಮೇ 25ರಂದು ಅದೇ ಪ್ಯಾರಿಸಿನಲ್ಲಿ ಭೂಮಿಯೇ ಮುಕ್ತವೆಂದು ಘೋಷಣೆಯಾಯಿತು. ಇಂಗ್ಲೆಂಡಿನ ಪಿರ್‌ಬ್ರೈಟ್ ಸಂಸ್ಥೆ ತಾನು ಕಾಪಿಟ್ಟಿದ್ದ ವೈರಾಣುಗಳನ್ನು 2019ರಲ್ಲಿ ನಾಶಮಾಡಿತು.

ಅದೇ 2019ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಚರ್ಮಗಂಟು ರೋಗ ಒಡಿಶಾದಲ್ಲಿ ಕಾಣಿಸಿಕೊಂಡು, ಮೂರು ವರ್ಷಗಳಲ್ಲಿ ರಾಜಸ್ಥಾನ, ಗುಜರಾತುಗಳ ಹಸುಗಳನ್ನು ಗುಂಪುಗುಂಪಾಗಿ ಕೊಂದುದನ್ನು ಓದುಗರು ಮರೆತಿರಲಾರರು. ಇಂಥವುಗಳಿಗಾಗಿ 2009ರಲ್ಲಿ ಆದ ಕೇಂದ್ರ ಶಾಸನವೊಂದುಂಟು. ದನದ ಒಡೆಯನು ಸಂಶಯ ಬಂದೊಡನೆ ಗ್ರಾಮಾಧಿಕಾರಿಗೋ ಪಂಚಾಯತಿಗೋ ತಿಳಿಸಬೇಕು, ಅವರು ಪಶುವೈದ್ಯನಿಗೆ ತಿಳಿಸಬೇಕು, ರೋಗದ ದನವನ್ನು ಬೇರೆ ಕಟ್ಟಬೇಕು ಎಂದು ಅದು ವಿಧಿಸುತ್ತದೆ. ಅದರಲ್ಲಿಯೇ ಇನ್ನೊಂದು ವಿಧಿಯಿದೆ: ಒಂದು ರಾಜ್ಯದಲ್ಲಿ ರೋಗ ಕಂಡರೆ ಅಲ್ಲಿಯ ಪಶುಸಂಗೋಪನಾ ನಿರ್ದೇಶಕರು, ಆ ಸ್ಥಳಕ್ಕೆ ಹತ್ತಿಕೊಂಡಿರುವ ನೆರೆರಾಜ್ಯಗಳ ನಿರ್ದೇಶಕರಿಗೆ ಸುದ್ದಿ ಕಳುಹಿಸಬೇಕು. ತಾಳವಾಡಿಯ ಮಂದೆಗೆ ಬಂದ ಬೇನೆ ಚಾಮರಾಜನಗರದ ಕಚೇರಿಗೆ ತಿಳಿಯುವ ಮಾರ್ಗ ಈಗ ಕಾಗದದ ಮೇಲೆ ಅದೇ.