ಊರಪಟ್ಟಿ, ಪಂಚಾಯಿತಿ ಕರ

ರಾಯಚೂರು ಜಿಲ್ಲೆಯ ಜವಳಗೇರಾ ಸೀಮೆಯಲ್ಲಿ ಗುಡಿಗೆ ತೇರು ಮಾಡಿಸಬೇಕೆಂದರೆ ದೈವ, ಅಂದರೆ ಊರ ಹಿರಿಯರ ಸಭೆ, ಕೂಡಿ ಪಟ್ಟಿ ಹಾಕುತ್ತದೆ. ಎಕರೆಗಿಷ್ಟು, ಮನೆಗಿಷ್ಟು ಎಂದು ಠರಾವಾದರೆ ಸಾಲ ಮಾಡಿಯಾದರೂ ಕೊಡುವವರಿದ್ದಾರೆ. ಅದೇ ಮನೆಗಳಲ್ಲಿ ಪಂಚಾಯಿತಿಯ ಮನೆ ಕರ, ನಳದ ಕರ ವರ್ಷಗಟ್ಟಲೆ ಬಾಕಿ ಉಳಿಯುವುದುಂಟು. ಜನ ಜಿಪುಣರೆಂದು ಇದಕ್ಕೆ ಷರಾ ಬರೆದರೆ ಸಾಲದು.

ಮೆಚ್ಚಿ ಕೊಡುವ ತೆರಿಗೆ ಈ ನಾಡಿಗೆ ಹೊಸದಲ್ಲ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಗುಡಿ, ಕೆರೆಗಳಿಗಾಗಿ ಹೇರಿಗಿಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ಸುಂಕ ಹಾಕಿಕೊಂಡದ್ದು ಶಾಸನಗಳಲ್ಲಿದೆ. ಯಾರು ಕೊಡಬೇಕು, ಯಾವುದಕ್ಕೆ ಸಲ್ಲಬೇಕು ಎಂಬೆರಡೂ ಒಂದೇ ಕಲ್ಲಿನ ಮೇಲಿರುತ್ತಿದ್ದವು.

ನಿಜಾಮರ ಆಳ್ವಿಕೆಯಲ್ಲಿ ರಾಯಚೂರು ಜಿಲ್ಲೆಯ ರೈತ ಭೂಕಂದಾಯದ ಜೊತೆಗೇ ಸ್ಥಳೀಯ ಸೆಸ್ಸನ್ನೂ ಕಟ್ಟುತ್ತಿದ್ದ; ಅವನನ್ನು ಕೇಳಿದವರಿಲ್ಲ. 1956ರ ಏಕೀಕರಣ, 1959ರ ಪಂಚಾಯಿತಿ ಕಾಯ್ದೆ ಬಂದವು. ದೊಡ್ಡ ಪೆಟ್ಟು ಬಿದ್ದದ್ದು 1979ರಲ್ಲಿ, ಅದೂ ಪಟ್ಟಣಗಳಿಗೆ. ಪಟ್ಟಣದೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ ರದ್ದಾಗಿ, ಅದರ ಜಾಗಕ್ಕೆ ರಾಜ್ಯ ಸರ್ಕಾರದ ಪ್ರವೇಶ ತೆರಿಗೆ ಬಂತು. ನಾಕಾದ ಕಿರುಕುಳ ತಪ್ಪಿತೆಂದು ಲಾರಿಯವರು ಖುಷಿಪಟ್ಟದ್ದು ನ್ಯಾಯವೇ. ಆದರೆ ಪುರಸಭೆಗಳ ಸ್ವಂತ ದುಡಿಮೆ ಹೋಗಿ ಅನುದಾನದ ದಾರಿ ಕಾಯುವ ಕಾಲ ಶುರುವಾಯಿತು. 2017ರಲ್ಲಿ ಆ ಪ್ರವೇಶ ತೆರಿಗೆಯೂ ಜಿಎಸ್‌ಟಿಯಲ್ಲಿ ಲೀನವಾಯಿತು.

ಅಮೆರಿಕದ ಒಕ್ಲಹೋಮ ಸಿಟಿ ಹಿಡಿದದ್ದು ಬೇರೆ ದಾರಿ. 1993ರ ಡಿಸೆಂಬರಿನಲ್ಲಿ ಅಲ್ಲಿನ ಮತದಾರರು ಮಾರಾಟದ ಮೇಲೆ ಶೇ 1ರಷ್ಟು ಹೆಚ್ಚುವರಿ ತೆರಿಗೆಗೆ ಒಪ್ಪಿದರು. ಐದು ವರ್ಷದ ಗಡುವು. ಕಾಲುವೆ, ಕ್ರೀಡಾಂಗಣ, ಗ್ರಂಥಾಲಯ ಸೇರಿ ಒಂಬತ್ತು ಕೆಲಸಗಳ ಯಾದಿ ಮೊದಲೇ ಗೊತ್ತಿತ್ತು. ಹಣ ಸಾಲದಾದಾಗ ಮತ್ತೆ ಆರು ತಿಂಗಳು ಕೊಡಿ ಎಂದು 1998ರಲ್ಲಿ ಮತದಾರರ ಮುಂದೆಯೇ ಹೋದರು. 2001, 2009, 2019ರಲ್ಲೂ ಜನ ಹೂಂ ಅಂದರು. ನಮ್ಮ ಪಟ್ಟಿಯ ಲೆಕ್ಕವೂ ಇದೇ, ಮತಪೆಟ್ಟಿಗೆಯೊಂದಿಲ್ಲ. ಹಾಗೆಂದು ಪಟ್ಟಿಯನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ: ದೈವದ ಕಟ್ಟೆಯಲ್ಲಿ ಹೆಂಗಸರ ಮಾತಿಗೆ, ಕೂಲಿಯವರ ಮಾತಿಗೆ ಎಷ್ಟು ಬೆಲೆಯೆಂದು ಎಲ್ಲರಿಗೂ ಗೊತ್ತು.

ಅದೇ 1993ರಲ್ಲಿ ಕರ್ನಾಟಕಕ್ಕೆ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. 199ನೇ ಪ್ರಕರಣ ಮನೆ, ನಿವೇಶನಗಳ ಮೇಲೆ ಕರ ಹಾಕುವ ಅಧಿಕಾರ ಕೊಟ್ಟಿತು. ಕೃಷಿ ಕಂದಾಯಕ್ಕೆ ಒಳಪಟ್ಟ ಜಮೀನು ಅದರಿಂದ ಹೊರಗುಳಿಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ಸೀಮೆಯಲ್ಲಿ ಸಿರಿ ಇರುವುದೇ ಗದ್ದೆಯಲ್ಲಿ! ಹೀಗಾಗಿ ಇಪ್ಪತ್ತು ಎಕರೆಯವನೂ ಕೂಲಿಯವನೂ ಪಂಚಾಯಿತಿಯ ಕಣ್ಣಿಗೆ ಬರೀ ಗೋಡೆ, ಚಾವಣಿ. ಎಕರೆ ಲೆಕ್ಕದ ಪಟ್ಟಿ ಈ ವಿಷಯದಲ್ಲಿ ಕಾಯ್ದೆಗಿಂತ ಜಾಣತನದ್ದು. ಕರದ ದರಕ್ಕೆ ಕಾಯ್ದೆಯ ಅನುಸೂಚಿಯೇ ಮಿತಿ. ಗ್ರಾಮಸಭೆ ಅದರ ಬಗ್ಗೆ ಚರ್ಚಿಸಬಹುದು. ಮತ ಹಾಕಿ ಹೊಸ ತೆರಿಗೆ ಹುಟ್ಟಿಸಲಾರದು. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯೂ ಇಲ್ಲವೆಂದು ಸಂವಿಧಾನದ 265ನೇ ವಿಧಿಯೇ ಹೇಳುತ್ತದೆ.

ಇನ್ನು ರಸೀದಿ ನೋಡಿ. ಸಾವಿರ ರೂಪಾಯಿ ಮನೆ ಕರದ ಮೇಲೆ ಗ್ರಂಥಾಲಯ ಕರ 60, ಭಿಕ್ಷುಕರ ಕರ 30. ಪಂಚಾಯಿತಿ ಇವನ್ನು ವಸೂಲಿ ಮಾಡಿ ಮೇಲಕ್ಕೆ ಕಳಿಸಬೇಕು. ಊರಿನ ಚರಂಡಿಗೆ ಎಷ್ಟೆಂದು ಮಾತ್ರ ರಸೀದಿ ಹೇಳುವುದಿಲ್ಲ.

ಪಟ್ಟಿಯ ಗುಣ ಸ್ವಲ್ಪವಾದರೂ ಸರ್ಕಾರಿ ಯೋಜನೆಗೆ ಬಂದದ್ದು ನೀರಿನಲ್ಲಿ. ವಿಶ್ವಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆ ರಾಯಚೂರು ಸೇರಿ ಉತ್ತರದ ಜಿಲ್ಲೆಗಳ ಹಳ್ಳಿಗಳಿಂದ ವಂತಿಗೆ ಕೇಳಿತು. 2019ರ ಜಲಜೀವನ್ ಮಿಷನ್ ಊರೊಳಗಿನ ಕಾಮಗಾರಿಗೆ ಶೇ 10ರಷ್ಟು ವಂತಿಗೆ ಗೊತ್ತುಮಾಡಿತು. ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರಿಗೆ ಶೇ 5. ಹಣವಿಲ್ಲದವರು ದುಡಿಮೆಯ ರೂಪದಲ್ಲೂ ಕೊಡಬಹುದು.